ಎಂಬತ್ತೊಂದನೇ ನಂಬರು

ನಮ್ಮ ಕಾಲೇಜಿಗೆ ಹೊಸ ಐಪಿ ಬರುವುದಕ್ಕೆ ಐದು ವರ್ಷ ಯಾಕೆ ಹಿಡಿಯಿತು ಎಂದು ಕೇಳಿದವರಿಗೆಲ್ಲ ನಾನು ಒಂದೊಂದು ಕಾರಣ ಹೇಳಿ ಕಳಿಸಿದ್ದೇನೆ. ರೌಟರ್ ಹಳೆಯದು ಎಂದಿದ್ದೇನೆ, ಲೈನ್ ಕೊಡುವ ಕಂಪನಿಯವರು ತಯಾರಿಲ್ಲ ಎಂದಿದ್ದೇನೆ, ಲೈಬ್ರರಿಯ ಸಾಫ್ಟ್‌ವೇರ್ ಒಪ್ಪುವುದಿಲ್ಲ ಎಂದಿದ್ದೇನೆ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಸುಳ್ಳು ಹೇಳಿ ಪಳಗಿದವನು ಪೂರ್ತಿ ಸುಳ್ಳನ್ನು ಹೇಳುವುದೂ ಇಲ್ಲ. ನಿಜವಾದ ಕಾರಣ ನಾನು. ಹೆಸರು ಹನುಮಂತರಾಜು, ತುಮಕೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸಿಸ್ಟಂ ಅಡ್ಮಿನ್. ಕಾಲೇಜಿನ ಹೆಸರು ಬೇಡ. ಕಟ್ಟಡ ಏನೂ ತಪ್ಪು ಮಾಡಿಲ್ಲ.

ನಾನು ಚೇಳೂರಿನವನು. ಎರಡು ಸಾವಿರನೇ ಇಸವಿಯಲ್ಲಿ ಕೆಲಸಕ್ಕೆ ಸೇರಿ ಶೆಟ್ಟಿಹಳ್ಳಿಯಲ್ಲಿ ಮನೆ ಹಿಡಿದಾಗ ಕಾಲೇಜಿಗೆ ಇಂಟರ್‌ನೆಟ್ ಲೈನ್ ಆಗಷ್ಟೇ ಬಂದಿತ್ತು. ಇಂಟರ್‌ನೆಟ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ನಾಲ್ಕು ತುಂಡಿನ ಒಂದು ನಂಬರ್ ಇರಬೇಕು, ಅದೇ ಅದರ ವಿಳಾಸ. ಅದನ್ನೇ ಐಪಿ ಎನ್ನುವುದು. ಆ ನಂಬರ್‌ಗಳು ಪ್ರಪಂಚದಲ್ಲೇ ಮುಗಿಯುತ್ತಾ ಬಂದಿವೆ, ಇನ್ನೂ ಉದ್ದದ ಹೊಸ ಐಪಿ ಬರುತ್ತದೆ, ಬಂದರೆ ಮನೆಯ ಫ್ಯಾನಿಗೂ ಒಂದು ವಿಳಾಸ ಸಿಗುತ್ತದೆ ಎಂದು ಆಗಲೇ ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ನಮ್ಮ ಕಾಲೇಜಿನಲ್ಲಿದ್ದ ಕಂಪ್ಯೂಟರ್ ನೂರಿಪ್ಪತ್ತು. ಕಂಪನಿಯವರು ಕೊಟ್ಟ ವಿಳಾಸ ಮೂವತ್ತು. ಮೊದಲ ಮೂರು ತುಂಡು ಎಲ್ಲಕ್ಕೂ ಒಂದೇ, ಕೊನೆಯದು ಮಾತ್ರ ಅರವತ್ತೈದರಿಂದ ತೊಂಬತ್ತನಾಲ್ಕು. ಸ್ವಂತ ವಿಳಾಸ ಸಿಗದ ಕಂಪ್ಯೂಟರ್‌ಗಳೆಲ್ಲ ಒಂದೇ ನಂಬರಿನ ಹಿಂದೆ ಸಾಲು ನಿಲ್ಲಬೇಕಾಗಿತ್ತು.

ಹೀಗಾಗಿ ಸ್ವಂತ ನಂಬರ್ ಇರುವುದು ದೊಡ್ಡಸ್ತಿಕೆಯ ವಿಷಯವಾಗಿಬಿಟ್ಟಿತು. ಅದರಿಂದ ಏನು ಉಪಯೋಗ ಎಂದು ತಿಳಿಯದವರೇ ಹೆಚ್ಚು ಹಟ ಮಾಡಿದರು. ನಮ್ಮ ಕಡೆ ಯಾರಾದರೂ ಸ್ಕೂಟರ್ ತೆಗೆದುಕೊಂಡರೆ ಮೊದಲು ಕೇಳುವ ಪ್ರಶ್ನೆ, ನಂಬರ್ ಕೂಡಿದರೆ ಎಷ್ಟು ಬರುತ್ತದೆ ಎಂದು. ಒಂಬತ್ತು ಬಂದರೆ ಶುಭ, ಎಂಟು ಬಂದರೆ ಶನಿ. ಅದೇ ಲೆಕ್ಕ ಐಪಿಗೂ ಹತ್ತಿಕೊಂಡಿತು. ಎಪ್ಪತ್ತೆರಡು ಪ್ರಿನ್ಸಿಪಾಲರಿಗೆ ಹೋಯಿತು, ಏಳೂ ಎರಡೂ ಒಂಬತ್ತು. ತೊಂಬತ್ತನ್ನು ಮೇಲ್ ಕಂಪ್ಯೂಟರಿಗೆ ಇಟ್ಟುಬಿಟ್ಟಿದ್ದೆ. ಒಂಬತ್ತು ಬರುವ ಇನ್ನೊಂದು ನಂಬರ್ ಎಂದರೆ ಎಂಬತ್ತೊಂದು. ಅದು ಎರಡನೇ ಲ್ಯಾಬಿನ ಮುಖ್ಯ ಕಂಪ್ಯೂಟರಿನದು, ಅದರ ಮುಂದೆ ಕೂರುತ್ತಿದ್ದವಳು ಇನ್‌ಸ್ಟ್ರಕ್ಟರ್ ಶಶಿರೇಖಾ.

ಶಶಿರೇಖಾ ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ರಿಟೈರ್ ಆದ ಪ್ರೈಮರಿ ಶಾಲೆಯ ಮೇಷ್ಟ್ರು. ಆಕೆಯದು ಟೆಂಪೊರರಿ ಕೆಲಸ, ಆದರೆ ಲ್ಯಾಬ್ ಮಾತ್ರ ಪರ್ಮನೆಂಟ್ ಆದವರ ಲ್ಯಾಬಿಗಿಂತ ಅಚ್ಚುಕಟ್ಟಾಗಿರುತ್ತಿತ್ತು. ಮೌಸ್ ಕೆಟ್ಟರೆ ನನ್ನನ್ನು ಕರೆಯದೆ ತಾನೇ ಬಿಚ್ಚಿ ಒರೆಸಿ ಹಾಕುತ್ತಿದ್ದಳು. ಆ ಕಾಲೇಜಿನಲ್ಲಿ ನನಗೆ ಕೆಲಸ ಹಚ್ಚದೆ ಇದ್ದವಳು ಆಕೆಯೊಬ್ಬಳೇ.

ಎಂಬತ್ತು ಸಿಕ್ಕಿದ್ದು ಆಫೀಸ್ ಸೂಪರಿಂಟೆಂಡೆಂಟ್ ಶಿವರಾಮಯ್ಯನವರಿಗೆ. ಗುಬ್ಬಿಯವರು, ಮೆತ್ತಗೆ ಮಾತಾಡುವವರು, ಯಾರ ಮೇಲೂ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರೊಬೇಷನ್‌ನಲ್ಲಿದ್ದ ನನ್ನ ಫೈಲು ಅವರ ಟೇಬಲ್ ಮೇಲೆಯೇ ಇತ್ತು. ತಮ್ಮ ನಂಬರ್ ಕೂಡಿದರೆ ಎಂಟು ಎಂದು ಯಾರೋ ಹೇಳಿದ ದಿನದಿಂದ ಅವರಿಗೆ ನೆಮ್ಮದಿ ಹೋಯಿತು. ಕಂಪ್ಯೂಟರ್ ನಿಧಾನವಾದರೆ ಎಂಬತ್ತರ ದೋಷ, ಮಂಡಿ ಊದಿಕೊಂಡರೂ ಎಂಬತ್ತರ ದೋಷ.

"ರಾಜು, ಈ ಎಂಬತ್ತು ನಂಗೆ ಆಗ್ಬರ್ತಿಲ್ಲ ಕಣಪ್ಪ," ಎಂದು ಒಂದು ದಿನ ನನ್ನ ಕೋಣೆಗೇ ಬಂದು ಕೂತರು. "ಆ ಹುಡುಗಿ ಹತ್ರ ಎಂಬತ್ತೊಂದು ಐತಲ್ಲ, ಅದನ್ನ ಇತ್ಲಾಗೆ ಹಾಕಿ ಇದನ್ನ ಅತ್ಲಾಗೆ ಹಾಕ್ಬುಡು. ಅವಳಿಗೇನ್ ಗೊತ್ತಾಯ್ತದೆ?"

ಅದು ಐದು ನಿಮಿಷದ ಕೆಲಸ. ಎರಡು ಸಾವಿರದ ಒಂದನೇ ಇಸವಿ ಜುಲೈ ಒಂಬತ್ತರಂದು, ಶಶಿರೇಖಾ ಊಟಕ್ಕೆ ಹೋಗಿದ್ದಾಗ ಮಾಡಿ ಮುಗಿಸಿದೆ. ನಂಬರ್ ಬದಲಾಯಿಸಿದರೆ ರಿಜಿಸ್ಟರ್‌ನಲ್ಲಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಬೇಕು ಎಂಬ ನಿಯಮ ಮಾಡಿದವನು ನಾನೇ. ಶನಿಕಾಟಕ್ಕೆ ಐಪಿ ಬದಲಿಸಲಾಗಿದೆ ಎಂದು ಬರೆಯಲು ನಾಚಿಕೆಯಾಯಿತು. ಬರೆಯಲಿಲ್ಲ. ಆಕೆಗೂ ಹೇಳಲಿಲ್ಲ.

ಅದೇ ತಿಂಗಳು ಹತ್ತೊಂಬತ್ತನೇ ತಾರೀಕು ಟ್ರಸ್ಟಿನ ಕಾರ್ಯದರ್ಶಿ ರೇವಣಸಿದ್ದಯ್ಯನವರಿಗೆ ಒಂದು ಮೇಲ್ ಹೋಯಿತು. ಕಳಿಸಿದವರ ಹೆಸರಿಲ್ಲ. ಪ್ರಿನ್ಸಿಪಾಲರಿಗೂ ಒಬ್ಬ ಲೇಡಿ ಲೆಕ್ಚರರಿಗೂ ಸಂಬಂಧ ಕಟ್ಟಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೊಲಸು ಮಾತುಗಳನ್ನು ಟೈಪ್ ಮಾಡಿದ ಎರಡು ಪುಟ. ಮೇಲ್ ಎಲ್ಲಿಂದ ಹೊರಟಿತು ಎಂಬ ಐಪಿ ಅದರ ತಲೆಯಲ್ಲೇ ಇರುತ್ತದೆ. ಕಾರ್ಯದರ್ಶಿಯ ಅಳಿಯನಿಗೆ ಕಂಪ್ಯೂಟರ್ ಗೊತ್ತಿತ್ತು, ಅದನ್ನು ಪ್ರಿಂಟ್ ತೆಗೆದು ಕೊಟ್ಟಿದ್ದ. ಕೊನೆಯ ತುಂಡು ಎಂಬತ್ತೊಂದು.

ವಿಚಾರಣೆ ನಡೆದದ್ದು ಒಂದು ಗುರುವಾರ ಮಧ್ಯಾಹ್ನ, ಪ್ರಿನ್ಸಿಪಾಲರ ಕೋಣೆಯಲ್ಲಿ. ನನಗೆ ರಿಜಿಸ್ಟರ್ ತರಲು ಹೇಳಿದ್ದರು. ಒಳಗೆ ರೇವಣಸಿದ್ದಯ್ಯ, ಪ್ರಿನ್ಸಿಪಾಲರು, ಒಂದು ಮೂಲೆಯಲ್ಲಿ ನಿಂತ ಶಶಿರೇಖಾ. ನಡಾವಳಿ ಬರೆದುಕೊಳ್ಳಲು ಕೂತಿದ್ದವರು ಶಿವರಾಮಯ್ಯ.

"ಎಂಬತ್ತೊಂದು ಯಾರ್ದು?" ಎಂದರು ರೇವಣಸಿದ್ದಯ್ಯ.

ನಾನು ಪುಟ ತೆಗೆದು ಓದಿದೆ. "ಎರಡನೇ ಲ್ಯಾಬು ಸಾರ್. ಶಶಿರೇಖಾ ಮೇಡಂದು."

ಶಿವರಾಮಯ್ಯನವರ ಪೆನ್ನು ನಿಂತಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಹೆದರಿಸುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಒಂದು ಫೈಲು ಇನ್ನೊಂದರ ಮೇಲೆ ಕೂತಿದೆಯೋ ಇಲ್ಲವೋ ಎಂದು ನೋಡುವ ಹಾಗೆ ನೋಡಿದರು. ಬರೆದವರು ಅವರೇ ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು.

"ನಾನು ಬರ್ದಿಲ್ಲ ಸಾರ್," ಎಂದಳು ಶಶಿರೇಖಾ. ಅಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ರಾಜು ಸಾರ್, ನಂಬರ್ ಅದಲುಬದಲು ಆಗಿರೋಕೆ ಸಾಧ್ಯ ಇಲ್ವಾ?"

"ರಿಜಿಸ್ಟರ್ ಪ್ರಕಾರ ಬದಲಾಗಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ಗಾಬರಿಯಾಗಿ ಇನ್ನೂ ಒಂದು ಮಾತು ಸೇರಿಸಿದೆ. "ಮಿಷನ್ ಸುಳ್ಳು ಹೇಳಲ್ಲ ಮೇಡಂ."

ಆ ವಾರವೇ ಶಶಿರೇಖಾಳ ಕೆಲಸ ಹೋಯಿತು. ಟೆಂಪೊರರಿಯವರನ್ನು ತೆಗೆಯಲು ದೊಡ್ಡ ಕಾರಣ ಬೇಕಿರಲಿಲ್ಲ, ಆದರೂ ಕಾರಣ ಬರೆದು, ಆ ಎರಡು ಪುಟದ ನಕಲು ಸೇರಿಸಿ, ಮನೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದರು. ವಿಚಾರಣೆಯ ಮಾರನೇ ದಿನ ಬೆಳಿಗ್ಗೆ ಶಿವರಾಮಯ್ಯ ಮತ್ತೆ ನನ್ನ ಕೋಣೆಗೆ ಬಂದಿದ್ದರು.

"ಎಂಬತ್ತೊಂದೂ ನಂಗೆ ಆಗ್ಬರ್ಲಿಲ್ಲ ರಾಜು. ವಾಪಸ್ ತಗೊಂಬುಡು," ಎಂದರು.

ತೆಗೆದುಕೊಂಡೆ. ರಿಜಿಸ್ಟರ್ ಮತ್ತೆ ಸರಿಯಾಯಿತು. ಮುಂದಿನ ತಿಂಗಳು ನಾನು ಪರ್ಮನೆಂಟ್ ಆದೆ. ಸಿಹಿ ಹಂಚಿದೆ. ಶಿವರಾಮಯ್ಯನವರು ಸಕ್ಕರೆ ಕಾಯಿಲೆ ಎಂದು ಅರ್ಧ ಮುರಿದು ತಿಂದರು.

ಇಲ್ಲಿಗೆ ಮುಗಿದಿದ್ದರೆ ನಾನು ಮರೆತೇ ಬಿಡುತ್ತಿದ್ದೆನೇನೋ. ನನ್ನ ಬಗ್ಗೆ ನನಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಕಾಲೇಜಿನ ಇಂಟರ್‌ನೆಟ್ ಎಲ್ಲ ಒಂದು ಹಳೆಯ ಕಂಪ್ಯೂಟರ್ ಮೂಲಕ ಹಾದುಹೋಗುತ್ತಿತ್ತು. ಅದಕ್ಕೆ ಗೇಟ್‌ವೇ ಎನ್ನುತ್ತಾರೆ. ಮುಂದಿನ ವರ್ಷ ಅದರ ಡಿಸ್ಕ್ ತುಂಬಿತೆಂದು ಕಸ ತೆಗೆಯಲು ಕೂತಾಗ ಅದು ತನ್ನಷ್ಟಕ್ಕೆ ಬರೆದಿಟ್ಟುಕೊಂಡಿದ್ದ ಒಂದು ಫೈಲ್ ಕಂಡಿತು. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಫ್ಯಾಕ್ಟರಿಯಲ್ಲೇ ಹಾಕಿದ ಒಂದು ಗುರುತು ಇರುತ್ತದೆ. ಯಾವ ದಿನ ಯಾವ ಕಾರ್ಡು ಯಾವ ಐಪಿ ಹೊತ್ತಿತ್ತು ಎಂದು ಆ ಫೈಲ್‌ನಲ್ಲಿ ಸಾಲುಸಾಲಾಗಿ ಇತ್ತು. ಜುಲೈ ಒಂಬತ್ತು, ಎಂಬತ್ತೊಂದು ಆಫೀಸಿನ ಕಾರ್ಡಿಗೆ. ಜುಲೈ ಇಪ್ಪತ್ತೇಳು, ಎಂಬತ್ತೊಂದು ಲ್ಯಾಬಿನ ಕಾರ್ಡಿಗೆ.

ಅಳಿಸಲು ಒಂದು ಸಾಲಿನ ಕಮಾಂಡ್ ಸಾಕು. ಟೈಪ್ ಮಾಡಿದೆ, ಎಂಟರ್ ಒತ್ತಲಿಲ್ಲ. ಇದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ಒತ್ತಿದರೆ ನಾನು ಸುಮ್ಮನಿದ್ದವನಾಗಿ ಉಳಿಯುವುದಿಲ್ಲ, ಮಾಡಿದವನಾಗುತ್ತೇನೆ ಎಂಬ ಹೆದರಿಕೆ. ತೋರಿಸುವ ಧೈರ್ಯವಂತೂ ಮೊದಲೇ ಇರಲಿಲ್ಲ. ಹಾಗಾಗಿ ಆ ಕಂಪ್ಯೂಟರ್ ಅಲ್ಲೇ ಇರಬೇಕಾಯಿತು, ಅದರ ಪಾಸ್‌ವರ್ಡ್ ನನ್ನೊಬ್ಬನಲ್ಲೇ ಇರಬೇಕಾಯಿತು.

ಎರಡು ಸಾವಿರದ ಮೂರರಲ್ಲಿ ಹೊಸ ಐಪಿಗೆ ತಯಾರಾಗಿ ಎಂಬ ಸುತ್ತೋಲೆ ಬಂತು. ನನ್ನನ್ನು ಬೆಂಗಳೂರಿಗೆ ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಕೂತು ಕೇಳಿದಾಗಲೇ ನನಗೆ ಗೊತ್ತಾಯಿತು: ಹೊಸದು ಬಂದರೆ ಮೊದಲು ಹೋಗಬೇಕಾದದ್ದು ನಮ್ಮ ಹಳೇ ಗೇಟ್‌ವೇ. ತೆಗೆಯುವ ಮುಂಚೆ ಅದರಲ್ಲಿರುವುದನ್ನೆಲ್ಲ ರಿಜಿಸ್ಟರಿಗೆ ತಾಳೆ ಹಾಕಿ, ಇನ್ನೊಬ್ಬರ ಸಹಿ ಮಾಡಿಸಬೇಕು. ವಾಪಸ್ ಬಂದು ರೌಟರ್ ಹಳೆಯದು ಎಂದು ವರದಿ ಕೊಟ್ಟೆ. ಎರಡು ವರ್ಷಕ್ಕೆ ಹೊಸ ರೌಟರ್ ಬಂತು, ಆಗ ಕಂಪನಿಯವರ ಮೇಲೆ ಹಾಕಿದೆ. ಕಂಪನಿಯವರು ನಾವು ರೆಡಿ ಎಂದರು, ಆಗ ಲೈಬ್ರರಿ ಸಿಕ್ಕಿತು. ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳಿದರೆ ಪ್ರಗತಿಯಲ್ಲಿದೆ ಎನ್ನುತ್ತಿದ್ದೆ. ಪ್ರಪಂಚವೇ ಈ ವಿಷಯದಲ್ಲಿ ಆಮೆ ನಡಿಗೆಯಲ್ಲಿದ್ದದ್ದರಿಂದ ನನ್ನ ನಿಧಾನ ಯಾರ ಕಣ್ಣಿಗೂ ಬೀಳಲಿಲ್ಲ. ಹನುಮಂತರಾಜು ಅವಸರ ಮಾಡುವವನಲ್ಲ, ಹುಷಾರಿನ ಮನುಷ್ಯ ಎಂದು ಹೆಸರೂ ಬಂತು. ಹಾಗೆ ಯಾರಾದರೂ ಹೊಗಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಶಶಿರೇಖಾ ಏನಾದಳು ಎಂದು ನಾನು ವಿಚಾರಿಸಲಿಲ್ಲ. ಕುಣಿಗಲ್ ಕಡೆ ಹೋಗುವ ಕೆಲಸ ಬಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಹೆಂಡತಿ ಅಲ್ಲಿಯ ಕೆರೆ ನೋಡಬೇಕು ಎಂದರೆ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿ ಸಮಾಧಾನ ಮಾಡುತ್ತಿದ್ದೆ. ಹೀಗೆ ಮೂರು ಸಲ ದುರ್ಗ ನೋಡಿ ಅವಳಿಗೂ ಸಾಕಾಗಿತ್ತು.

ಎರಡು ಸಾವಿರದ ಎಂಟರಲ್ಲಿ ಹೊಸ ಪ್ರಿನ್ಸಿಪಾಲರು ಈ ಕೆಲಸವನ್ನು ನನ್ನಿಂದ ತೆಗೆದು, ಎಂ.ಟೆಕ್ ಮುಗಿಸಿ ಬಂದಿದ್ದ ತ್ರಿವೇಣಿ ಎಂಬ ಲೆಕ್ಚರರ್‌ಗೆ ಕೊಟ್ಟರು. ಆಕೆ ಗೇಟ್‌ವೇ ಪಾಸ್‌ವರ್ಡ್ ಕೇಳಿದಳು. ಕೊಡದೆ ಇರಲು ನನ್ನ ಬಳಿ ಕಾರಣ ಮುಗಿದಿತ್ತು. ಎರಡು ದಿನ ಬಿಟ್ಟು ಒಂದು ಪ್ರಿಂಟ್ ಹಿಡಿದು ಬಂದಳು.

"ಸಾರ್, ಎಲ್ಲಾ ತಾಳೆ ಆಗ್ತಿದೆ. ಒಂದೇ ಒಂದು ಆಗ್ತಿಲ್ಲ. ಎರಡ್ ಸಾವಿರದ ಒಂದರಲ್ಲಿ ಎಂಬತ್ತು, ಎಂಬತ್ತೊಂದು ಅದಲುಬದಲಾಗಿದೆ. ಹದಿನೆಂಟು ದಿನ. ರಿಜಿಸ್ಟರಲ್ಲಿ ಇಲ್ವಲ್ಲ?"

"ಟೆಸ್ಟಿಂಗ್ ಮಾಡಿದ್ವಿ ಮೇಡಂ," ಎಂದೆ. ಬಾಯಿಗೆ ತಾನಾಗಿಯೇ ಬಂತು.

"ಹಂಗಾ? ಹೊಸದ್ರಲ್ಲಿ ಈ ತಲೆನೋವಿಲ್ಲ ಬಿಡಿ. ಕಾರ್ಡಿನ ಗುರುತೇ ವಿಳಾಸದೊಳಗೆ ಸೇರ್ಕೊಳ್ಳತ್ತೆ," ಎಂದು ಹೇಳಿ, ಪ್ರಿಂಟನ್ನು ನನ್ನ ಟೇಬಲ್ ಮೇಲೆ ಬಿಟ್ಟು ಹೋದಳು.

ಸಂಜೆ ಆಕೆಯ ವರದಿ ಸಹಿಗೆ ಬಂತು. ಆರನೇ ಪುಟದಲ್ಲಿ ಒಂದು ಸಾಲು: ಜುಲೈ ಎರಡು ಸಾವಿರದ ಒಂದರ ಬದಲಾವಣೆ ಟೆಸ್ಟಿಂಗ್ ಉದ್ದೇಶಕ್ಕೆ ಮಾಡಿದ್ದು, ಮಾಹಿತಿ ಹನುಮಂತರಾಜು. ಏಳು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅದರ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಆ ಹುಡುಗಿ ನನ್ನ ಮಾತನ್ನು ನಂಬಿ ಬರೆದಿದ್ದಳು, ಅದೂ ಚುಚ್ಚಿತು. ಕಣ್ಣಿಗೆ ಸುಸ್ತು, ಸೋಮವಾರ ಓದಿ ಕೊಡುತ್ತೇನೆ ಎಂದು ಮನೆಗೆ ತಂದೆ.

ಶನಿವಾರ ಗುಬ್ಬಿಗೆ ಹೋದೆ. ಇಬ್ಬರೂ ಸೇರಿ ಹೇಳೋಣ ಎಂದರೆ ಸ್ವಲ್ಪ ಹಗುರಾಗಬಹುದು ಎಂಬ ಆಸೆ. ಶಿವರಾಮಯ್ಯನವರು ರಿಟೈರ್ ಆಗಿ ನಾಲ್ಕು ವರ್ಷವಾಗಿತ್ತು. ಜಗಲಿಯ ಮೇಲೆ ಕೂರಿಸಿ ಎಳನೀರು ಕೊಟ್ಟರು, ನನ್ನ ಮಗಳ ಓದು ವಿಚಾರಿಸಿದರು. ನಾನು ವಿಷಯ ತೆಗೆದೆ.

"ಯಾವ ನಂಬರ್ ಕಣಪ್ಪ? ನಂಗೆ ಆ ಕಂಪ್ಯೂಟ್ರು ಗಿಂಪ್ಯೂಟ್ರು ಎಲ್ಲಾ ಮರ್ತೋಯ್ತು," ಎಂದರು. ನಾನು ಏಳುವುದಿಲ್ಲ ಎಂದು ಕಂಡಾಗ ದನಿ ಇನ್ನೂ ಮೆತ್ತಗಾಯಿತು. "ಆ ಹೆಣ್ಮಗಳು ಕುಣಿಗಲ್ಲಲ್ಲಿ ಅಂಗಡಿ ಇಟ್ಕೊಂಡು ಚೆನ್ನಾಗವ್ಳಂತೆ. ಈಗ ಕೆದಕಿದ್ರೆ ನಿನ್ ಕೆಲ್ಸಕ್ಕೇ ಸಂಚಕಾರ. ಬುಡು."

ಅವರ ಮೇಲೆ ರೇಗಬೇಕು ಎಂದುಕೊಂಡೆ, ಆಗಲಿಲ್ಲ. ಏಳು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದದ್ದನ್ನೇ ಅವರು ಹೇಳಿದ್ದರು, ಒಂದು ಪದವೂ ಹೆಚ್ಚುಕಮ್ಮಿ ಇಲ್ಲದೆ. ಎಳನೀರಿನ ಬುರುಡೆ ಕೆಳಗಿಟ್ಟು ಬಸ್ ಹಿಡಿದೆ.

ಸೋಮವಾರ ರಜೆ ಹಾಕಿ ಕುಣಿಗಲ್‌ಗೆ ಹೋದೆ. ತಾಲ್ಲೂಕು ಆಫೀಸಿನ ಎದುರು ಸಾಲಿನಲ್ಲಿ ಶಶಿರೇಖಾಳ ಅಂಗಡಿ ಸಿಕ್ಕಿತು. ಜೆರಾಕ್ಸ್, ಡಿಟಿಪಿ, ಅರ್ಜಿ ಬರೆದುಕೊಡಲಾಗುವುದು ಎಂಬ ಬೋರ್ಡು. ಒಳಗೆ ಒಂದು ಕಂಪ್ಯೂಟರ್, ಅದರ ಮುಂದೆ ಆಕೆ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಬಂದಿತ್ತು. ನನ್ನನ್ನು ಗುರುತು ಹಿಡಿಯಲು ಹೊತ್ತೇನೂ ಬೇಕಾಗಲಿಲ್ಲ.

"ಬನ್ನಿ ರಾಜು ಸಾರ್, ಕೂತ್ಕೊಳಿ," ಎಂದು ಸ್ಟೂಲ್ ಸರಿಸಿದಳು.

ಅರ್ಜಿಗೆ ಕಾಯುತ್ತಿದ್ದವರು ಹೋಗುವ ತನಕ ಕೂತಿದ್ದೆ. ಆಮೇಲೆ ತ್ರಿವೇಣಿಯ ಪ್ರಿಂಟ್ ಮುಂದಿಟ್ಟು, ಕಾರ್ಡು, ಗೇಟ್‌ವೇ, ಹದಿನೆಂಟು ದಿನ ಎಂದು ಶುರುಮಾಡಿದೆ. ಆಕೆ ಹಾಳೆಯನ್ನು ನೋಡಲೇ ಇಲ್ಲ.

"ನಂಗೊತ್ತಿತ್ತು ಸಾರ್," ಎಂದಳು.

ನನಗೆ ಅರ್ಥವಾಗಲಿಲ್ಲ.

"ಲ್ಯಾಬಲ್ಲಿ ಸ್ಟೂಡೆಂಟ್ಸ್‌ಗೆ ಮೊದಲನೇ ದಿನ ಹೇಳ್ಕೊಡೋದೇ ಅದಲ್ವಾ, ನಿಮ್ ಮಿಷನ್ ಐಪಿ ಎಷ್ಟು ನೋಡಿ ಅಂತ. ನನ್ ಮಿಷನ್ನಲ್ಲೇ ತೋರಿಸ್ತಿದ್ದೆ. ಎಂಬತ್ತು ಅಂತ ಬರ್ತಿತ್ತು. ನೀವೇ ಏನೋ ಮಾಡಿರ್ತೀರ ಅಂದ್ಕೊಂಡು ಸುಮ್ನಿದ್ದೆ."

"ಮತ್ತೆ ಆವತ್ತು ಹೇಳ್ಬೋದಿತ್ತಲ್ಲ ಮೇಡಂ?"

"ಕೇಳಿದ್ನಲ್ಲ ನಿಮ್ಮನ್ನ, ಎಲ್ರ ಮುಂದೆ. ರಿಜಿಸ್ಟರ್ ನಿಮ್ ಕೈಲಿತ್ತು. ಟೆಂಪೊರರಿ ಹುಡುಗಿ ಹೇಳಿದ್ರೆ ಯಾರ್ ನಂಬ್ತಿದ್ರು? ನೀವು ಹೇಳ್ತೀರ ಅಂತ ಕಾದೆ. ಬಸ್ ಸ್ಟ್ಯಾಂಡಿಗೆ ಹೋಗೋ ತನಕ ಹಿಂದಿಂದ ಬರ್ತೀರ ಅಂತ ಕಾದೆ."

ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿನ್ನೆ ಕರೆಂಟ್ ಹೋಗಿತ್ತು ಎನ್ನುವಷ್ಟು ಸಲೀಸಾಗಿ ಹೇಳಿದಳು. ನಾನು ಎಲ್ಲಿ ನೋಡಬೇಕು ಎಂದು ತಿಳಿಯದೆ ಜೆರಾಕ್ಸ್ ಮಿಷನ್ನಿನ ಮೇಲಿದ್ದ ದೂಳನ್ನು ನೋಡುತ್ತಾ ಕೂತೆ. ತಪ್ಪಾಯಿತು ಎಂದೆ.

"ಇದನ್ನ ಇನ್ಯಾರಿಗ್ ಹೇಳಿದೀರ?" ಎಂದು ಕೇಳಿದಳು.

"ಯಾರಿಗೂ ಇಲ್ಲ. ಮೊದ್ಲು ನಿಮಗೇ ಹೇಳ್ಬೇಕು ಅಂತ ಬಂದೆ."

"ನಂಗೊತ್ತಿರೋದ್ನ ನಂಗೇ ಹೇಳಿದ್ರೆ ಏನ್ ಬಂತು ಸಾರ್? ಗೊತ್ತಿಲ್ದೋರಿಗೆ ಹೇಳಿ." ಕೀಬೋರ್ಡ್ ಹತ್ತಿರ ಎಳೆದುಕೊಂಡಳು. "ಕಾಲೇಜಿಗೆ ಪತ್ರ ಬರೀತೀರಾ? ಹೇಳ್ತಾ ಹೋಗಿ, ಟೈಪ್ ಮಾಡ್ತೀನಿ. ಅದೇ ನನ್ ಕೆಲಸ."

ನಾನು ಹೇಳಿದೆ. ಕಾರ್ಯದರ್ಶಿಗಳಿಗೆ, ಮಾನ್ಯರೇ, ಎಂದು ಆರಂಭಿಸಿ, "ದಿನಾಂಕ ಒಂಬತ್ತು ಏಳು ಎರಡು ಸಾವಿರದ ಒಂದರಂದು ಕೆಲವು ತಾಂತ್ರಿಕ ಕಾರಣಗಳಿಂದ" ಎಂದೆ. ಆಕೆಯ ಬೆರಳು ನಿಂತಿತು.

"ತಾಂತ್ರಿಕ ಕಾರಣ ಏನ್ಸಾರ್?"

"ಶಿವರಾಮಯ್ಯನವರು ಕೇಳಿದ್ರು. ಎಂಬತ್ತು ಕೂಡಿದ್ರೆ ಎಂಟು ಬರತ್ತೆ ಅಂತ."

ಆಕೆಗೆ ಇದು ಮಾತ್ರ ಗೊತ್ತಿರಲಿಲ್ಲ. "ಇಷ್ಟಕ್ಕಾ?" ಎಂದಳು. ಆಮೇಲೆ ಪರದೆಯ ಕಡೆ ತಿರುಗಿ ತಾಂತ್ರಿಕ ಕಾರಣ ಎಂಬುದನ್ನು ಅಳಿಸಿ, ನಾನು ಹೇಳಿದ್ದನ್ನು ಹಾಗೇ ಬರೆದಳು. ಮುಂದೆ ನಾನು "ಸಂವಹನದ ಕೊರತೆಯಿಂದ" ಎಂದೆ, ಆಗಲೂ ನಿಲ್ಲಿಸಿದಳು. "ದಾಖಲೆಗಳ ವ್ಯತ್ಯಾಸದಿಂದ" ಎಂದೆ, ಮತ್ತೆ ನಿಲ್ಲಿಸಿದಳು. ಏಳು ವರ್ಷದಲ್ಲಿ ನಾನು ಕೂಡಿಟ್ಟಿದ್ದ ದೊಡ್ಡ ಮಾತುಗಳೆಲ್ಲ ಒಂದೊಂದಾಗಿ ಹೋದವು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಆರೇಳು ಸಾಲು. ಆವತ್ತಿನ ಆ ಮೇಲ್ ಶಶಿರೇಖಾ ಬರೆದದ್ದಲ್ಲ. ಅದು ಆಫೀಸಿನ ಕಂಪ್ಯೂಟರಿನಿಂದ ಹೋದದ್ದು. ನನಗೆ ಆವತ್ತೇ ಗೊತ್ತಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿ ಹೇಳಲಿಲ್ಲ.

ಸಹಿ ಹಾಕಿದೆ. ಎರಡು ಪ್ರತಿ ತೆಗೆದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಮಡಚದೆ ಕೈಯಲ್ಲಿ ಹಿಡಿದು ಅಂಗಡಿಯ ಷಟರ್ ಅರ್ಧ ಎಳೆದಳು.

"ಇದನ್ನ ಮೊದ್ಲು ನಮ್ಮಪ್ಪಂಗೆ ಓದಿ. ಮನೆ ಹಿಂದ್ಗಡೆ ಬೀದೀಲೇ."

ನಡೆಯುತ್ತಾ ಹೇಳಿದಳು. ಆ ರಿಜಿಸ್ಟರ್ಡ್ ಪೋಸ್ಟನ್ನು ಒಡೆದವರು ತಂದೆ. ಎರಡು ಪುಟದ ಆ ಹೊಲಸನ್ನು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ್ದರು. ಓದಿ ಮಡಚಿ ಟ್ರಂಕಿನಲ್ಲಿಟ್ಟರು. ಅದರ ಬಗ್ಗೆ ಆವತ್ತಿನಿಂದ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಸಂಜೆ ಗೆಳೆಯರ ಜೊತೆ ಕೆರೆ ಏರಿಗೆ ಹೋಗುವುದನ್ನು ಬಿಟ್ಟರು. ಇವಳ ಮದುವೆಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು.

ಆಕೆಯ ತಂದೆ ಗಂಗಹನುಮಯ್ಯ ಮೇಷ್ಟ್ರು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಹೆಗಲ ಮೇಲೊಂದು ಟವೆಲ್. ಕಾಲೇಜಿನಿಂದ ಬಂದವರು ಎಂದು ಶಶಿರೇಖಾ ಹೇಳಿದಾಗ ಅವರ ಮುಖ ಬಿಗಿಯಿತು. ಆದರೂ ಕೂತ್ಕೊಳಿ ಎಂದರು.

ನಾನು ನಿಂತೇ ಓದಿದೆ. ಆರೇಳು ಸಾಲು ಓದಲು ಎಷ್ಟು ಹೊತ್ತು ಬೇಕು. ಐಪಿ ಎಂದರೆ ಏನು, ನಂಬರ್ ಎಂದರೆ ಏನು ಎಂದು ಅವರು ಕೇಳುತ್ತಾರೆ, ವಿವರಿಸಬೇಕಾಗುತ್ತದೆ ಎಂದುಕೊಂಡಿದ್ದೆ. ವಿವರಿಸುವುದು ನನಗೆ ಸುಲಭ. ಅವರು ಅದನ್ನು ಕೇಳಲಿಲ್ಲ.

"ಅಂದ್ರೆ ಅದನ್ನ ಬರ್ದಿದ್ದು ಇವಳಲ್ಲ."

"ಅಲ್ಲ ಸಾರ್."

"ನಿಮಗೆ ಆವತ್ತೇ ಗೊತ್ತಿತ್ತು."

"ಗೊತ್ತಿತ್ತು."

ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಬೈಯಲಿ ಎಂದು ನಾನು ಕಾದೆ. ಕೈ ಎತ್ತಿ ಹೊಡೆದರೂ ಸರಿ, ಹೊಡೆಸಿಕೊಂಡು ಹೋದರೆ ಒಂದು ಹಂತಕ್ಕೆ ಬರುತ್ತದೆ ಎನಿಸುತ್ತಿತ್ತು. ಅವರು ನನ್ನನ್ನು ನೋಡಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಕಾಲಿನ ಕಡೆ ನೋಡುತ್ತಿದ್ದರು.

"ಇವ್ರು ಕೆಲ್ಸ ಹೋಯ್ತದೆ ಅಂತ ಹೆದರಿದ್ರು. ಅದು ಸರಿ," ಎಂದರು. "ನಂಗೇನಾಗಿತ್ತಮ್ಮ? ಮೂವತ್ತೈದು ವರ್ಷ ಊರವರ ಮಕ್ಕಳಿಗೆ ಪಾಠ ಹೇಳ್ದೋನು. ನೀನೇನಾ ಬರ್ದಿದ್ದು ಅಂತ ಒಂದ್ಸಲ ಕೇಳ್ಬೋದಿತ್ತು. ಕೇಳ್ಲಿಲ್ಲ."

ಅಂಗಡಿಯಲ್ಲಿ ಅಷ್ಟು ಹೊತ್ತು ಸಲೀಸಾಗಿ ಮಾತಾಡಿದ್ದ ಶಶಿರೇಖಾಳ ದನಿ ಇಲ್ಲಿ ಒಡೆಯಿತು.

"ಕೇಳಿದ್ರೆ ಹೇಳ್ತಿದ್ದೆ ಅಪ್ಪ," ಎಂದಳು.

ಅವರು ಟವೆಲನ್ನು ಹೆಗಲಿನಿಂದ ತೆಗೆದು ಮುಖಕ್ಕೆ ಒತ್ತಿಕೊಂಡರು. ಅಳುತ್ತಿರಲಿಲ್ಲ, ಮಗಳಿಗೆ ಮುಖ ತೋರಿಸಲಾಗದೆ ಮುಚ್ಚಿಕೊಂಡರು. ಏಳು ವರ್ಷ ಅದೇ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡವನು ನಾನು, ನನಗೆ ಅದರ ಗುರುತು ಸಿಕ್ಕಿತು. ಹೇಳಿಬಿಟ್ಟರೆ ನನ್ನ ನಾಚಿಕೆ ಇಳಿಯುತ್ತದೆ ಎಂದುಕೊಂಡು ಬಂದಿದ್ದೆ. ಅದು ಇಳಿಯಲಿಲ್ಲ. ಏನೂ ತಪ್ಪು ಮಾಡದ ಒಬ್ಬ ಮುದುಕನಿಗೂ ಅದೇ ನಾಚಿಕೆಯನ್ನು ಹೊರಿಸಿ, ಅವರ ಮನೆಯ ನಡುವೆ ಕಾಗದ ಹಿಡಿದುಕೊಂಡು ನಿಂತಿದ್ದೆ.